ಬೆಳಗಿನ ಕ್ಲಾಸು

"ಪರದೆ ನೋಡು. ನನ್ನ ಮುಖದಲ್ಲೇನಿದೆ?"

ಹೆಂಡತಿ ತಟ್ಟನೆ ಟ್ಯಾಬ್ಲೆಟ್ ಕಡೆ ತಿರುಗಿದಳು. ನೀರಿನ ಜಗ್ಗಿಗೆ ಒರಗಿಸಿಟ್ಟ ಅದರಲ್ಲಿ ಈಗಷ್ಟೇ ಒಂದು ಏಣಿ, ಒಂದು ಬಾತುಕೋಳಿ, ಒಂದು ಬೀಗ ಬಂದು ಮಾಯವಾಗಿದ್ದವು. ಈಗ ತೆರೆದುಕೊಂಡ ಹತ್ತಾರು ಚಿತ್ರಗಳ ನಡುವೆ ಆ ಮೂರನ್ನು ಹುಡುಕಿ ಮುಟ್ಟಬೇಕು. ಆಕೆ ಬೆರಳನ್ನು ಗಾಜಿನ ಮೇಲೆ ಅತ್ತಿತ್ತ ಆಡಿಸಿದಳೇ ಹೊರತು ಯಾವುದನ್ನೂ ಮುಟ್ಟಲಿಲ್ಲ. ಮತ್ತೆ ಓರೆಗಣ್ಣಿನಲ್ಲಿ ಗಂಡನನ್ನೇ ನೋಡಿದಳು. ಅವನ ಹುಬ್ಬು ಏರಿದರೆ ತಪ್ಪು, ಇಳಿದರೆ ಸರಿ. ಅಷ್ಟನ್ನು ಆಕೆ ಚೆನ್ನಾಗಿ ಕಲಿತಿದ್ದಳು.

"ಬಾತುಕೋಳಿನಾ?"

"ನನ್ನನ್ನ ಕೇಳ್ಬೇಡ. ನೀನು ಹೇಳು."

"ಬಾತುಕೋಳಿ ಇತ್ತು ಕಣ್ರೀ. ಪಾಪ, ಎಲ್ಲಿಗೆ ಹೋಯ್ತೋ ಏನೋ."

ಅವನು ನಗಲಿಲ್ಲ. ಹಿಂದಾಗಿದ್ದರೆ ಈ ಮಾತಿಗೆ ನಕ್ಕು, ಸಂಜೆಯವರೆಗೂ ಅದನ್ನೇ ಹೇಳಿ ಆಕೆಯನ್ನು ಕಾಡಿಸುತ್ತಿದ್ದ.

ಅವನು ಲಿಫ್ಟ್ ರಿಪೇರಿಯವನು. ಕೆಲಸ ಬಿಟ್ಟ ಮೇಲೂ ಬೀದಿಯವರಿಗೆಲ್ಲ ಅವನು 'ಲಿಫ್ಟಿನವರು'. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಜನ ಕೂಗಾಡುತ್ತಿದ್ದರೆ, ಮೇಲಿನ ಯಂತ್ರದ ಕೋಣೆಯಲ್ಲಿ ತಣ್ಣಗೆ ಕೂತು ಒಂದೊಂದೇ ತಂತಿ ಮುಟ್ಟಿ ನೋಡುತ್ತ ಬಂದವನು. ನಿಂತುಹೋದದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಕಾರಣ ಸಿಕ್ಕಿತೆಂದರೆ ಅದು ಹೊರಟೇ ಹೊರಡುತ್ತದೆ ಎನ್ನುವುದನ್ನು ಅವನು ದೇವರಿಗಿಂತ ಹೆಚ್ಚಾಗಿ ನಂಬಿದ್ದ.

ಹೆಂಡತಿ ಮನೆಯಲ್ಲೇ ಬಟ್ಟೆ ಸರಿಪಡಿಸಿ ಹೊಲಿದುಕೊಡುತ್ತಿದ್ದಳು. ಒಮ್ಮೆ ಪಕ್ಕದ ಮನೆಯಾಕೆಯ ಕೋಟಿನ ತೋಳು ಬಿಚ್ಚಿ ಗಿಡ್ಡ ಮಾಡಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂಡಿಸಿಬಿಟ್ಟಳು. ಪಕ್ಕದಾಕೆ ಅದನ್ನು ತೊಟ್ಟು ಬೆದರುಬೊಂಬೆಯ ಹಾಗೆ ನಿಂತಾಗ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಆಮೇಲಾಮೇಲೆ ನಗು ಕಡಿಮೆಯಾಯಿತು. ಸೂಜಿಗೆ ದಾರ ಪೋಣಿಸಿ, ಯಾಕೆ ಪೋಣಿಸಿದೆನೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ಆಕೆ ಮಧ್ಯಾಹ್ನವೆಲ್ಲ ಕೂತಿರುವುದನ್ನು ಅವನು ಕಂಡ.

ಡಾಕ್ಟರು ಸುತ್ತಿಬಳಸಲಿಲ್ಲ. "ಹೋಗಿದ್ದು ವಾಪಸ್ ಬರಲ್ಲ. ನಿಧಾನ ಮಾಡಬಹುದು, ಅಷ್ಟೆ. ಮೆದುಳಿಗೆ ಸ್ವಲ್ಪ ಕೆಲಸ ಕೊಡಿ. ಜೊತೇಲಿರಿ. ಖುಷಿಯಾಗಿಟ್ಕೊಳ್ಳಿ." ಅದರಲ್ಲಿ ಮೆದುಳಿನ ಕೆಲಸವೊಂದು ಮಾತ್ರ ಅವನ ಕಿವಿಗೆ ಬಿತ್ತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ತನ್ನ ಹಳೆಯ ಟ್ಯಾಬ್ಲೆಟ್ ತಂದು, ಪುಕ್ಕಟೆ ಆಡಬಹುದಾದ ನೆನಪಿನ ಆಟಗಳನ್ನು ತೋರಿಸಿಕೊಟ್ಟಳು. "ಹೊತ್ತು ಹೋಗತ್ತೆ ಅಪ್ಪ. ಇಬ್ರೂ ಸೇರಿ ಆಡಿ," ಎಂದಳು. ಅವನು ಅಲ್ಲಿಗೆ ನಿಲ್ಲಲಿಲ್ಲ. ಪುಕ್ಕಟೆ ಸಿಗುವುದರಲ್ಲಿ ಹುರುಳಿರುವುದಿಲ್ಲ ಎನ್ನುತ್ತಿದ್ದವನು ಹುಡುಕಿದಷ್ಟೂ ಬೆರಗಾದ. ಪದಬಂಧ, ಲೆಕ್ಕದ ಆಟ, ಗಮನ ಹೆಚ್ಚಿಸುವ ಆಟ. ಅವುಗಳ ಹಿಂದೆಯೇ ಮೆದುಳಿನ ಬಗ್ಗೆ ಯಾರೋ ಪ್ರಾಧ್ಯಾಪಕಿ ಮಾಡಿದ ವಿಡಿಯೊ ಪಾಠಗಳ ಸಾಲು. ಶಾಲೆಯಲ್ಲಿ ಏಟು ತಿಂದು ಅರ್ಧಕ್ಕೆ ಬಿಟ್ಟವನು ಅವನು. ಈ ಪ್ರಾಧ್ಯಾಪಕಿ ಗದರುತ್ತಿರಲಿಲ್ಲ. ತಿಳಿಯದಿದ್ದರೆ ಹಿಂದಕ್ಕೆ ಸರಿಸಿದರಾಯಿತು, ಅದೇ ನಗುಮುಖದಲ್ಲಿ ಅದನ್ನೇ ಮತ್ತೆ ಹೇಳುತ್ತಿದ್ದಳು. ನರಗಳ ಚಿತ್ರ ಕಂಡಾಗ ಅವನಿಗೆ ತನ್ನ ಹಳೆಯ ವೈರಿಂಗ್ ನಕ್ಷೆಗಳೇ ಕಂಡಂತಾಯಿತು. ಮಗಳು ಫೋನ್ ಮಾಡಿದರೆ ಅಮ್ಮನ ಸುದ್ದಿಗೆ ಮುಂಚೆ ಮೆದುಳಿನ ಸುದ್ದಿ ಹೇಳುತ್ತಿದ್ದ. ಈ ವಯಸ್ಸಿನಲ್ಲಿ ಮತ್ತೆ ಕೆಲಸ ಸಿಕ್ಕಿದವನ ಹುರುಪು ಅವನಲ್ಲಿತ್ತು. ಆ ಹುರುಪಿನಲ್ಲಿ ಸಂತೋಷವೂ ಇತ್ತು ಎನ್ನುವುದನ್ನು ಮುಂದೆ ನೆನೆದಾಗಲೆಲ್ಲ ಅವನ ಮೈ ಹಿಡಿಯಾಗುತ್ತಿತ್ತು.

ಮೊದಮೊದಲು ಅಂಕ ಏರಿತು. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದಾಗ ಆಕೆ ಮಗುವಿನಂತೆ ಅಂಗೈ ಚಾಚುತ್ತಿದ್ದಳು. ಅವನು ಆ ಅಂಕವನ್ನು ಕೆಳಗಿನ ಅಂಗಡಿಯವನಿಗೂ ತೋರಿಸಿ ಬಂದ. ಆಮೇಲೆ ಅಂಕ ಇಳಿಯತೊಡಗಿತು. ಅವನು ಹೊತ್ತು ಹೆಚ್ಚಿಸಿದ. ಬೆಳಗಿನ ಕ್ಲಾಸು ಮಧ್ಯಾಹ್ನದವರೆಗೆ ಬೆಳೆಯಿತು. ಸೂಜಿ ಚುಚ್ಚಿಕೊಂಡಾಳು ಎಂದು ಹೊಲಿಗೆ ಯಂತ್ರ ಅಟ್ಟ ಸೇರಿತು. ಸಂಜೆ ಇಬ್ಬರೂ ರೈಲುಕಂಬಿಯವರೆಗೆ ನಡೆದು ಬರುತ್ತಿದ್ದದ್ದು ನಿಂತಿತು. ಪಕ್ಕದಾಕೆ ಹರಟಲು ಬಂದರೆ ಬಾಗಿಲಲ್ಲೇ, "ಕ್ಲಾಸು ನಡೀತಿದೆಯಮ್ಮ," ಎಂದು ಕಳಿಸುತ್ತಿದ್ದ. ಆಕೆ ಬರುವುದನ್ನೇ ಬಿಟ್ಟಳು.

"ನಿನ್ನೆ ಹೇಳಿದ್ದೆ. ನಿನ್ನೆ ಸರಿಯಾಗಿ ಹೇಳಿದ್ದೆ ನೀನು!" ಎಂದು ಒಂದು ದಿನ ಮೇಜು ಗುದ್ದಿದ. ಹೆಂಡತಿ ಬೆಚ್ಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಅಂದಿನಿಂದ ಆಕೆ ತಾನಾಗಿ ಮಾತಾಡುವುದು ಕಡಿಮೆಯಾಯಿತು. ರೋಗ ಮುಂದುವರಿಯುತ್ತಿದೆ ಎಂದುಕೊಂಡು ಅವನು ಇನ್ನೊಂದು ಆಟ ಹುಡುಕಿದ.

ಮಗಳಿಗೆ ರಜೆಯಿದ್ದ ದಿನ, ಕ್ಲಾಸಿನ ಹೊತ್ತಿಗೇ ಬಂದಳು. ಅವನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ. ಅಮ್ಮ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಮಗಳು ಹಣೆ ಮುಟ್ಟಿ ನೋಡಿದಳು. ಮೈ ತಣ್ಣಗಿತ್ತು.

"ಆ ಮೇಷ್ಟ್ರು ಬಂದ್ರಾ?" ಅಮ್ಮ ಪಿಸುಗುಟ್ಟಿದಳು.

"ಯಾವ ಮೇಷ್ಟ್ರಮ್ಮ?"

"ದಿನಾ ಬರ್ತಾರಲ್ಲ. ನಂಗೆ ಜ್ವರ ಅಂತ ಹೇಳಿ ಕಳಿಸ್ಬಿಡು ತಾಯಿ. ಕೆಟ್ಟವರಲ್ಲ, ಪಾಪ. ನಂಗೆ ಏನೂ ಬರಲ್ಲ ಅಂತ ಅವರಿಗೆ ಸಂಕಟ." ಆಕೆ ಮಗಳ ಕೈ ಹಿಡಿದುಕೊಂಡಳು. "ನಮ್ಮನೆಯವರಿಗೆ ಮಾತ್ರ ಹೇಳ್ಬೇಡ. ಅವರು ನನ್ನ ಜಾಣೆ ಅಂತ ತಿಳ್ಕೊಂಡಿದಾರೆ."

ಮಗಳು ತಲೆಯೆತ್ತಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ, ಎರಡು ಕೈಯಲ್ಲೂ ಲೋಟ ಹಿಡಿದು. ಅವನು ಸದ್ದಿಲ್ಲದೆ ಹಿಂದಕ್ಕೆ ಸರಿದ.

ಮಗಳು ಹಿಂದೆಯೇ ಅಡುಗೆಮನೆಗೆ ಬಂದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಅಮ್ಮನ ಜೊತೆ ಮಾತಾಡಿ ಎಷ್ಟು ದಿನ ಆಯ್ತಪ್ಪ?"

"ದಿನಾ ಮಾತಾಡ್ತೀನಲ್ಲ. ಬೆಳಗ್ಗೆ ಎದ್ರೆ ಅದೇ ಕೆಲಸ."

"ಅದು ಪ್ರಶ್ನೆ ಕೇಳೋದು."

ಅವನು ಸೋಸುವ ಜರಡಿಯನ್ನು ಮತ್ತೆ ಮತ್ತೆ ತೊಳೆದ. "ಸರಿಹೋಗತ್ತೆ ಅಂದ್ಕೊಂಡಿದ್ದೆ," ಎಂದ. ಮಗಳು ಅವನ ಕೈಯಿಂದ ಜರಡಿ ತೆಗೆದಿಟ್ಟಳು.

ಸಂಜೆ, ಮಗಳು ಹೊರಟುಹೋದ ಮೇಲೆ, ಅವನು ಕೋಣೆಗೆ ಹೋಗಿ, "ನಾನು ಕಣೇ," ಎಂದ. ಆಕೆ ಎದ್ದು ಕೂತು, ಕಂಬಳಿ ಮಡಚಿ ಬದಿಗಿಟ್ಟು, ಕೂದಲು ಸರಿಮಾಡಿಕೊಂಡಳು. ಪಾಠಕ್ಕೆ ಸಿದ್ಧಳಾಗಿ ಅವನ ಹುಬ್ಬಿನ ಕಡೆ ನೋಡಿದಳು.

"ಇವತ್ತು ಪಾಠ ಇಲ್ಲ," ಎಂದ. "ಇನ್ನು ಪಾಠ ಮುಗೀತು."

"ಪಾಸಾ?"

"ಪಾಸು. ಒಳ್ಳೇ ಪಾಸು."

ಆಕೆಯ ಹೆಗಲು ಇಳಿಯಿತು. ಮುಖದಲ್ಲಿ, ಅವನು ಎಷ್ಟೋ ಕಾಲದಿಂದ ಕಾಣದಿದ್ದ ಹಗುರ ಬಂತು. "ಹಾಗಾದ್ರೆ ಕೂತ್ಕೊಳ್ಳಿ ಮೇಷ್ಟ್ರೇ. ನಮ್ಮನೆಯವರು ಇನ್ನೇನು ಬರ್ತಾರೆ. ಲಿಫ್ಟಿನ ಕೆಲಸ, ಹೊತ್ತು ಗೊತ್ತು ಇಲ್ಲ."

ಅವನು ಮಂಚದ ಎದುರಿನ ಕುರ್ಚಿಯಲ್ಲಿ ಕೂತ.

"ಒಂದ್ಸಲ ಏನ್ಮಾಡಿದ್ರು ಗೊತ್ತಾ? ಹೊಸ ಕಟ್ಟಡ, ಲಿಫ್ಟು ಇನ್ನೂ ಶುರುವಾಗಿರ್ಲಿಲ್ಲ. ಮೊದಲು ನೀನೇ ಹತ್ತಬೇಕು ಅಂತ ಕರ್ಕೊಂಡು ಹೋದ್ರು. ಮೇಲಿನ ಮಹಡಿಗೆ ಕಿಟಕಿ ಕೂರಿಸಿರ್ಲಿಲ್ಲ. ಗಾಳಿ ಅಂದ್ರೆ ಗಾಳಿ. ನನ್ನ ಕೂದಲೆಲ್ಲ ಬಿಚ್ಚಿಹೋಯ್ತು. ಅವರು ಸಾಮಾನಿನ ಚೀಲದಿಂದ ಕೆಂಪು ವೈರು ತೆಗೆದು ಕಟ್ಟಿದ್ರು." ಆಕೆ ಕತ್ತಿನ ಹಿಂದೆ ಕೈಯಿಟ್ಟು ತೋರಿಸಿದಳು. "ಇಲ್ಲಿ."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಎಷ್ಟೋ ಕಟ್ಟಡಗಳು ಬಂದವು, ಮೋಟಾರುಗಳು ಬಂದವು. ಆ ಗಾಳಿ ಬರಲಿಲ್ಲ, ಕೆಂಪು ವೈರು ಬರಲಿಲ್ಲ.

"ಆಮೇಲೆ?" ಎಂದ. ತಿಂಗಳುಗಟ್ಟಲೆ ಆಕೆಯನ್ನು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ತನಗೆ ಗೊತ್ತಿಲ್ಲದ ಮೊದಲ ಪ್ರಶ್ನೆ ಅದು.

"ಆಮೇಲೇನು, ಇಳಿದು ಬಂದ್ವಿ." ಆಕೆ ನಾಚಿ ಕಿಟಕಿಯತ್ತ ನೋಡಿದಳು. ಹೊರಗೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. "ಅವರು ಬರೋ ಹೊತ್ತಾಯ್ತು. ನೀವು ಹೊರಡಿ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ."

ಅವನು ಎದ್ದ. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಮೆಟ್ಟಿಲ ಬಳಿ ನಿಂತು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ, ಕೆಲಸದಿಂದ ಬರುವಾಗ ಇರುತ್ತಿದ್ದ ಹಾಗೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಆ ಕಾಲದಲ್ಲಿ ಕನ್ನಡಕ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕರೆಗಂಟೆ ಒತ್ತಿದ. ಒಳಗಿಂದ ಹೆಜ್ಜೆಗಳು ಅವಸರವಾಗಿ ಬಂದವು.

ಬಾಗಿಲು ತೆರೆದ ಆಕೆ ಅವನ ಭುಜದ ಮೇಲಿಂದ ಮೆಟ್ಟಿಲ ಕಡೆಗೊಮ್ಮೆ ನೋಡಿದಳು.

"ಏನ್ ಮೇಷ್ಟ್ರೇ, ಏನಾದ್ರೂ ಮರೆತುಹೋದ್ರಾ?"

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. "ಕನ್ನಡಕ," ಎಂದ.

"ಅಯ್ಯೋ, ಅಷ್ಟೇ ತಾನೆ? ಬನ್ನಿ." ಆಕೆ ಒಳಗೆ ಹೋಗಿ ದಿಂಬು ಎತ್ತಿ ನೋಡಿದಳು, ಪತ್ರಿಕೆಗಳನ್ನು ಸರಿಸಿದಳು, ಬಾಗಿ ಮಂಚದ ಕೆಳಗೆ ಕಣ್ಣಾಡಿಸಿದಳು. "ಎಲ್ಲಿಟ್ಟಿದ್ರಿ, ನೆನಪಿದೆಯಾ?"

"ಇಲ್ಲ."

"ಇರ್ಲಿ ಬಿಡಿ. ನಿಧಾನವಾಗಿ ಯೋಚನೆ ಮಾಡಿ. ಅವಸರ ಏನಿಲ್ಲ."

ಅವನು ಹೊಸ್ತಿಲ ಬಳಿಯೇ ನಿಂತಿದ್ದ. ಕನ್ನಡಕವಿಲ್ಲದ ಕಣ್ಣಿಗೆ ಆಕೆಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಒಂದೊಂದೇ ವಸ್ತುವನ್ನು ಎತ್ತಿ, ಕೆಳಗೆ ನೋಡಿ, ಇದ್ದಲ್ಲಿಯೇ ಮೆಲ್ಲಗೆ ಇಡುತ್ತಿದ್ದ ಆಕೆಯ ಕೈಗಳು ಮಾತ್ರ ಕಾಣುತ್ತಿದ್ದವು.