ಅಂಟಿಕೊಂಡ ಎರಡಕ್ಷರ

ಪ್ರೆಸ್ಸಿನಲ್ಲಿ ಆಕೆಯನ್ನು ಎಲ್ಲರೂ ಪ್ರೂಫಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅಚ್ಚಿನ ಕರಡಿನಲ್ಲಿ ಬೇರೆಯವರ ತಪ್ಪು ಹೆಕ್ಕಿದ ಕಣ್ಣು. ಆ ವಾರ ಪರೀಕ್ಷಾ ಮಂಡಳಿಯ ಗಣಿತದ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿತ್ತು. ಪರೀಕ್ಷೆಗೆ ಉಳಿದಿದ್ದು ಮೂರೇ ದಿನ.

ಬೆಳಿಗ್ಗೆ ಹನ್ನೊಂದಕ್ಕೆ ಮಂಡಳಿಯ ಹೆಸರಲ್ಲಿ ಮೇಲ್ ಬಂತು. ‘ಕೊನೇ ಗಳಿಗೆಯ ತಿದ್ದುಪಡಿ. ಇಪ್ಪತ್ತು ನಿಮಿಷದೊಳಗೆ ಲಿಂಕ್ ಒತ್ತಿ ಒಪ್ಪಿಗೆ ಕೊಡಿ, ಇಲ್ಲವಾದರೆ ಅಚ್ಚು ರದ್ದು. ವಿಷಯ ಗೌಪ್ಯ, ಫೋನ್ ಮಾಡಬೇಡಿ.’

ಹೊರಗೆ ಮೆಷಿನ್ ದಡದಡ ಓಡುತ್ತಿತ್ತು. ಅಕ್ಕ ಲಿಂಕ್ ಒತ್ತಿದಳು, ಪ್ರೆಸ್ಸಿನ ಫೈಲುಗಳ ಪಾಸ್‌ವರ್ಡ್ ಹೊಡೆದಳು. ಪರದೆ ಖಾಲಿಯಾಯಿತು. ಅಷ್ಟೇ.

ಆಮೇಲೆ ‘ಫೋನ್ ಮಾಡಬೇಡಿ’ ಅನ್ನೋದು ಮನಸ್ಸಿಗೆ ಚುಚ್ಚಿತು. ಒಂದು ಪೂರ್ಣವಿರಾಮ ಬಿಟ್ಟರೂ ಮೂರು ಸಲ ಫೋನ್ ಮಾಡುವ ಜನ ಮಂಡಳಿಯವರು. ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದಿದಳು. ಇಂಗ್ಲಿಷಿನ ‘ಎಂ’ ಇರಬೇಕಾದಲ್ಲಿ ‘ಆರ್’, ‘ಎನ್’ ಒಂದಕ್ಕೊಂದು ಅಂಟಿಕೊಂಡು, ‘ಎಂ’ನಂತೆಯೇ ಕಾಣುತ್ತಾ ಕೂತಿದ್ದವು.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ? ಆ ಯೋಚನೆ ಬಂದಿದ್ದಕ್ಕೇ ನಾಚಿಕೆಯಾಗಿ ಎದ್ದು ಪ್ರೆಸ್ಸಿನ ಯಜಮಾನರ ಕೋಣೆಗೆ ನಡೆದಳು.

“ಸಾರ್, ನಾನು ಮೋಸ ಹೋದೆ. ಪಾಸ್‌ವರ್ಡ್ ಕೊಟ್ಟುಬಿಟ್ಟೆ.”

ಯಜಮಾನರು ಗಡಿಯಾರ ನೋಡಿದರು. “ಎಷ್ಟು ಹೊತ್ತಾಯ್ತು?”

“ಆರು ನಿಮಿಷ.”

“ಮೊದಲು ಪಾಸ್‌ವರ್ಡ್ ಬದಲಾಯಿಸಿ. ಮಂಡಳಿಗೆ ನಾನು ಫೋನ್ ಮಾಡ್ತೀನಿ.” ಮೇಲ್‌ನ ಅಡಿಯಲ್ಲಿದ್ದ ನಂಬರನ್ನು ಮುಟ್ಟಲಿಲ್ಲ, ನಿಜವಾದ ನಂಬರಿಗಾಗಿ ಹಳೇ ಆರ್ಡರ್ ಕಾಗದ ಹುಡುಕಿ ತೆಗೆದರು.

ಅಕ್ಕ ಅವಸರದಲ್ಲಿ ಎರಡು ಸಲ ತಪ್ಪು ಹೊಡೆದಳು. ಮೂರನೇ ಸಲಕ್ಕೆ ಬದಲಾಯಿತು. ಯಾರು ಯಾವಾಗ ಒಳಬಂದರು ಅನ್ನುವ ಪಟ್ಟಿಯಲ್ಲಿ, ನಾಲ್ಕು ನಿಮಿಷದ ಹಿಂದೆ, ಒಬ್ಬ ಅಪರಿಚಿತ. ಗಣಿತದ ಫೈಲು ತೆರೆದಿದ್ದ.

ಫೋನಿನ ಆ ಕಡೆ ಮಂಡಳಿಯ ಅಧಿಕಾರಿ ಎಲ್ಲ ಕೇಳಿಸಿಕೊಂಡರು. ಆಮೇಲೆ, “ಅಚ್ಚಾಗಿರೋದನ್ನೆಲ್ಲ ಸೀಲ್ ಮಾಡಿ. ಬೇರೆ ಪ್ರಶ್ನೆಗಳಿರೋ ಎರಡನೇ ಸೆಟ್ ನಾನೇ ಕೈಯಾರೆ ತರ್ತೀನಿ. ಇವತ್ತೇ ಹೇಳಿದ್ರಿ, ದಾರಿ ಇದೆ. ಪರೀಕ್ಷೆ ದಿನ ಗೊತ್ತಾಗಿದ್ರೆ ಇರ್ತಿರ್ಲಿಲ್ಲ,” ಅಂದರು.

ಯಜಮಾನರು ತಾವೇ ಹೋಗಿ ಮೆಷಿನ್ ನಿಲ್ಲಿಸಿದರು. ಆ ದಡದಡ ನಿಂತಿದ್ದು ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೊಸ ಪತ್ರಿಕೆ ಸಂಜೆಗೆ ಬಂತು. “ಇದನ್ನ ಬೇರೆ ಯಾರಾದ್ರೂ ಓದ್ಲಿ ಸಾರ್,” ಅಂದಳು.

“ನಿಮ್ಮಷ್ಟು ಹೆದರಿ ಓದೋರು ಇವತ್ತು ಯಾರಿದ್ದಾರೆ? ಕೂತ್ಕೊಳ್ಳಿ.”

ಓದಿದಳು. ಪರೀಕ್ಷೆ ಹೇಳಿದ ದಿನವೇ ನಡೆಯಿತು. ಕದ್ದ ಪತ್ರಿಕೆ ಹಿಂದಿನ ದಿನವೇ ಫೋನಿನಿಂದ ಫೋನಿಗೆ ಹರಿದಾಡಿತಂತೆ; ಅದರಲ್ಲಿದ್ದ ಒಂದು ಲೆಕ್ಕವೂ ಪರೀಕ್ಷೆಗೆ ಬರಲಿಲ್ಲ.