ಹೊಟ್ಟೆಯಿಲ್ಲದ ಕಥೆ

ಓರಿಯೆ ಕುಜುಮಿಯ ಕೆಲಸ ಬೇರೆಯವರ ಪ್ರೇಮಕಥೆಗಳನ್ನು ರಿಪೇರಿ ಮಾಡುವುದು. ಒಸಾಕಾದ ನಿಪ್ಪೊಂಬಾಶಿಯಲ್ಲಿ, ಹಳೆಯ ರೇಡಿಯೊ ಸಾಮಾನು ಮಾರುವ ಅಂಗಡಿಯ ಮೇಲ್ಮಹಡಿಯಲ್ಲಿ ಅವಳ ಆಫೀಸು. ಮೊಬೈಲಿನಲ್ಲಿ ಓದುತ್ತಾ ಆಡುವ ಪುಟ್ಟ ಆಟಗಳು ಅಲ್ಲಿ ತಯಾರಾಗುತ್ತಿದ್ದವು. ಪರದೆಯ ಮೇಲೊಂದು ಹುಡುಗಿಯ ಚಿತ್ರ, ಕೆಳಗೆ ಅವಳ ಮಾತು; ಬೆರಳು ತಾಗಿಸಿದರೆ ಮುಂದಿನ ಮಾತು. ನಡುನಡುವೆ ‘ಕೈ ಹಿಡಿಯಲೇ, ಸುಮ್ಮನಿರಲೇ’ ಎಂದು ಆಟವೇ ಕೇಳುತ್ತದೆ, ಆಡುವವರು ಆರಿಸಿಕೊಳ್ಳಬೇಕು. ಜನ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಪ್ರೇಮ ಹುಟ್ಟಿ, ಬೆಳೆದು, ಮುಗಿದಿರಬೇಕು.

ಹುಟ್ಟುವುದಕ್ಕೂ ಮುಗಿಯುವುದಕ್ಕೂ ಹೇಗೋ ಜಾಗ ಸಿಗುತ್ತಿತ್ತು. ಬೆಳೆಯುವುದಕ್ಕೆ ಸಿಗುತ್ತಿರಲಿಲ್ಲ. ಶಾಲೆಯ ಮೆಟ್ಟಿಲಲ್ಲಿ ಡಿಕ್ಕಿ ಹೊಡೆದವರು ನಾಲ್ಕು ಮಾತಾಡುವುದರೊಳಗೆ ಬೇಸಿಗೆಯ ಬಾಣಬಿರುಸಿನ ಹಬ್ಬಕ್ಕೆ ಹೋಗಿ, ಅಲ್ಲಿಂದ ನೇರ ಆಸ್ಪತ್ರೆ ಸೇರಿ, ಕಣ್ಣೀರಿಡುತ್ತಿದ್ದರು. ಆಡಿದವರು ಬರೆಯುತ್ತಿದ್ದದ್ದೂ ಒಂದೇ ಥರ: ಚಿತ್ರ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ, ಕಥೆ ಸಪ್ಪೆ. ಇವನಲ್ಲಿ ಇವಳು ಕಂಡದ್ದೇನು?

ಆಫೀಸಿನ ಯಜಮಾನ ಹಮನಾಕ ಓರಿಯೆಗಿಂತ ಚಿಕ್ಕವನು. ಬಾಯಿ ಜೋರು, ಮನಸ್ಸು ಮೆದು. ಇಂಥ ಟೀಕೆಗಳನ್ನೆಲ್ಲ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ಹೇಳುವುದು ಅವನ ಅಭ್ಯಾಸ. ಆ ಚಳಿಗಾಲದ ಆರಂಭದಲ್ಲಿ ಒಂದು ಹೊಸ ಆಟವನ್ನು ಅವಳ ಮುಂದಿಟ್ಟು ಅವನು ಹೇಳಿದ:

“ಅಕ್ಕಾ, ಇದನ್ನ ನೋಡು. ತೊತ್ತೊರಿ ಕಡೆಯೋರು ಕಳ್ಸಿದ್ದಾರೆ. ಚಿತ್ರ ನೋಡಿದ್ರೆ ಎದೆ ಹಿಂಡುತ್ತೆ. ಕಥೆ ನೋಡಿದ್ರೆ ನಿದ್ದೆ ಬರುತ್ತೆ.”

“ಎಲ್ಲಾ ಹಾಗೇ ತಾನೆ ಇರೋದು?”

“ಇಲ್ಲ, ಇದು ಬೇರೆ ಥರ. ಇದಕ್ಕೆ ತಲೆ ಇದೆ, ಬಾಲ ಇದೆ, ಹೊಟ್ಟೆಯೇ ಇಲ್ಲ. ನೀನೊಂದು ಹೊಟ್ಟೆ ಹೊಲಿದು ಕೊಟ್ರೆ ಹಬ್ಬ!”

ಓರಿಯೆ ಆಡಿ ನೋಡಿದಳು. ನೀರುಬಣ್ಣದ ಚಿತ್ರಗಳು. ಸಮುದ್ರದ ದಂಡೆಯ ಊರು, ಮೋಡ ಕವಿದ ಬೆಳಕು, ಬಸ್ ನಿಲ್ದಾಣದ ಮರದ ಬೆಂಚು. ಚಿನಾಮಿ ಎಂಬ ಹುಡುಗಿ, ಹೆಸರಿಲ್ಲದ ಒಬ್ಬ ಹುಡುಗ. ಅವನು ಬರೆದ ಕಾಗೆಯ ಚಿತ್ರ ನೋಡಿ ಅವಳು ನಗುತ್ತಾಳೆ. ಇನ್ನೊಂದು ದಿನ ಬೆಂಚಿನ ಮೇಲೆ ತನ್ನ ಬನ್ನು ಮುರಿದು ಅರ್ಧ ಕೊಡುತ್ತಾಳೆ. ‘ನಾಳೆಯೂ ಬರ್ತೀಯಾ?’ ಎಂದು ಕೇಳುತ್ತಾಳೆ. ಮರುದಿನ ಬೆಂಚು ಖಾಲಿ. ಅಲ್ಲಿಗೆ ಆಟ ಮುಗಿಯಿತು. ಆರಿಸಿಕೊಳ್ಳುವುದಕ್ಕೆ ಒಂದು ಪ್ರಶ್ನೆಯೂ ಇರಲಿಲ್ಲ. ಸಪ್ಪೆ ಎಂದರೆ ಸಪ್ಪೆಯೇ. ಆದರೆ ಆ ಖಾಲಿ ಬೆಂಚಿನ ಚಿತ್ರದಿಂದ ಕಣ್ಣು ಕೀಳುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬರೆದವನನ್ನು ಕಂಡು ಮಾತಾಡದೆ ಓರಿಯೆ ಯಾವ ಕಥೆಗೂ ಕೈ ಹಾಕುತ್ತಿರಲಿಲ್ಲ. ಬಸ್ಸು ಹತ್ತಿ ಸಮುದ್ರದಂಚಿನ ತೊತ್ತೊರಿಗೆ ಹೋದಳು.

ತೆತ್ಸುಜಿ ಮಿಕುರಿಯಾ ಐವತ್ತು ದಾಟಿದ ಮನುಷ್ಯ. ಅರೆದ ಮೀನನ್ನು ಕೊಳವೆಯಂತೆ ಸುತ್ತಿ ಸುಟ್ಟು ಚಿಕುವ ಎಂಬ ತಿನಿಸು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣಕ್ಕೆ ಎರಡು ಛತ್ರಿ ಹಿಡಿದು ಬಂದಿದ್ದ.

“ಬಿಸಿಲಿದೆಯಲ್ಲ, ಮಿಕುರಿಯಾ ಸಾನ್?” ಎಂದು ಗೌರವದಿಂದ ಕೇಳಿದಳು ಓರಿಯೆ.

“ನಮ್ಮೂರಲ್ಲಿ ಬುತ್ತಿ ಮರೆತ್ರೂ ಛತ್ರಿ ಮರೀಬಾರ್ದು ಅಂತಾರೆ. ಇನ್ನೇನು, ಬರುತ್ತೆ ನೋಡ್ತಿರಿ.” ಅವರು ಬೀದಿ ದಾಟುವಷ್ಟರಲ್ಲಿ ಹನಿ ಬಿತ್ತು. ಅವನು ತಾನೇ ಮಳೆ ತರಿಸಿದವನಂತೆ ನಾಚಿಕೊಂಡ.

ಅವನ ಮನೆಯಲ್ಲಿ, ಕಾಲು ಬೆಚ್ಚಗಿಡುವ ರಜಾಯಿ ಹೊದಿಸಿದ ಮೇಜಿನ ಎದುರುಬದುರು ಕೂತರು. ಓರಿಯೆ ಸುತ್ತಿ ಬಳಸದೆ ಕೇಳಿದಳು.

“ಆ ಹುಡುಗ ಅವಳನ್ನ ಯಾಕೆ ಪ್ರೀತಿಸ್ತಾನೆ?”

“ಅವಳು ಮಾತಾಡ್ಸಿದ್ಳು.”

“ಅಷ್ಟೇನಾ?”

“ಬೇರೆ ಯಾರೂ ಮಾತಾಡಿಸ್ತಿರ್ಲಿಲ್ಲ.”

ಅವನು ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಹೇಳತೊಡಗಿದ.

“ಶಾಲೆಯಲ್ಲಿ ಚಿತ್ರದ ಕೋಣೆ ಗುಡಿಸೋ ಸರದಿ ಅವತ್ತು ನಂದೂ ಅವಳದೂ. ನಾನು ಬರೆದ ಕಾಗೆ ನೋಡಿ ‘ಇದೇನೋ, ಪುರಾಣದ ದೇವರ ಕಾಗೆ ಬರೆದಿದ್ದೀಯಾ, ಮೂರು ಕಾಲಿದೆ’ ಅಂದ್ಳು. ಅದು ಬಾಲ, ಕುಜುಮಿ ಸಾನ್. ನನಗೆ ಬಾಲ ಬರೆಯೋಕೆ ಬರ್ತಿರ್ಲಿಲ್ಲ.” ಅವನು ನಕ್ಕ. “ಆಮೇಲೆ ಆ ಬನ್ನು. ಆಮೇಲೆ ‘ನಾಳೆಯೂ ಬರ್ತೀಯಾ’ ಅಂದದ್ದು. ಮಾರನೇ ದಿನ ಹೋದೆ. ಅವರಪ್ಪನಿಗೆ ಬೇರೆಲ್ಲೋ ಕೆಲಸ ಆಯ್ತಂತೆ, ಮನೆಯೋರೆಲ್ಲ ಹೊರಟುಹೋಗಿದ್ರು. ಅವಳಿಗೂ ಬೆಳಗ್ಗೆವರೆಗೂ ಗೊತ್ತಿರ್ಲಿಲ್ಲವೋ ಏನೋ.”

“ನಡುವೆ ಏನೂ ನಡೀಲಿಲ್ವಾ?”

“ನಡುವೆ ಅನ್ನೋದೇ ಇರ್ಲಿಲ್ಲ.”

“ಹುಡುಕಲಿಲ್ವಾ ನೀವು?”

“ಬನ್ನು ಕೊಟ್ಟಿದ್ದಕ್ಕೆ ಹುಡುಕ್ಕೊಂಡು ಹೋದ್ರೆ ಏನಂದ್ಕೊಂಡಾಳು?”

ಹೊರಗೆ ಮಳೆ ಜೋರಾಯಿತು. ಅವಳ ದನಿ ಸ್ವಲ್ಪ ಒಡಕು, ಯಾವಾಗಲೂ ನೆಗಡಿ ಹಿಡಿದವಳ ಹಾಗೆ ಎಂದ. ಈಗಲೂ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತಿದ್ದಾಗ ಆ ದನಿ ಕಿವಿಯಲ್ಲಿ ಬರುತ್ತದೆ, ದಿನಕ್ಕೊಮ್ಮೆಯಾದರೂ ಬರುತ್ತದೆ ಎಂದ. ಯಾರ ಮುಂದೆಯೂ ಹೇಳಿರಲಿಲ್ಲವಂತೆ. ಹೇಳಿಕೊಳ್ಳಲು ಅದರಲ್ಲಿ ಏನಿದೆ?

“ಮಿಕುರಿಯಾ ಸಾನ್, ತಪ್ಪು ತಿಳ್ಕೋಬೇಡಿ. ಇದು ನಿಮ್ಮ ಪಾಲಿಗೆ ದೊಡ್ಡದು, ಕಥೆಯಾಗಿ ಬಡಕಲು. ಓದೋರಿಗೆ ಅವಳು ಯಾರು ಅಂತಲೇ ಗೊತ್ತಾಗಲ್ಲ.”

“ನನಗೂ ಗೊತ್ತಿಲ್ವಲ್ಲ,” ಎಂದ ಅವನು. ಆಮೇಲೆ ತಲೆ ಬಾಗಿಸಿದ. “ಅದಕ್ಕೇ ನಿಮ್ಮನ್ನ ಕೇಳ್ಕೊಳ್ತೀನಿ. ನೀವೇ ಏನಾದ್ರೂ ತುಂಬಿ. ಜನ ಅವಳನ್ನ ಮೆಚ್ಚಬೇಕು. ನನ್ನೊಬ್ಬನಿಗೇ ಗೊತ್ತಿದ್ದು ಅವಳು ಹಾಗೇ ಹೋಗಿಬಿಡಬಾರ್ದು.”

ಓರಿಯೆ ಒಸಾಕಾಕ್ಕೆ ಮರಳಿ ಕಥೆಗೆ ಹೊಟ್ಟೆ ಹೊಲಿಯಲು ಕೂತಳು. ಅಂಗಡಿಯಿಂದ ತಂದದ್ದನ್ನು ತುಂಬುವವಳಲ್ಲ ಅವಳು. ತನ್ನ ಗಂಟನ್ನೇ ಬಿಚ್ಚಬೇಕು. ಗಂಡ ಫುಮಿಯೊ ಅವಳನ್ನು ಬಿಟ್ಟು ಹೋಗಿ ಬಹಳ ವರ್ಷಗಳಾಗಿದ್ದವು. ಜಗಳದ ಕಾಲವನ್ನು ಮರೆತರೂ ಮೊದಲ ದಿನಗಳು ಅವಳ ಬಳಿಯೇ ಉಳಿದಿದ್ದವು. ಒಂದು ಕೈಗವಸು ಕಳೆದುಹೋಯಿತೆಂದು ಉಳಿದೊಂದನ್ನು ಇಬ್ಬರೂ ಸರದಿಯಲ್ಲಿ ತೊಟ್ಟು ನಡೆದದ್ದು. ಅವಳು ಜ್ವರದಲ್ಲಿ ಮಲಗಿದ್ದಾಗ ಅವನು ಉದೊನ್ ಶಾವಿಗೆಯನ್ನು ಮುದ್ದೆಯಾಗುವಂತೆ ಬೇಯಿಸಿ, ‘ಕಾಯಿಲೆಯವರಿಗೆ ಹೀಗೇ ಬೇಯಿಸಬೇಕು’ ಎಂದು ಸಾಧಿಸಿದ್ದು. ಸೈಕಲ್ ಹಿಂದೆ ಕೂತ ಅವಳು ಸೇತುವೆಯ ಏರಿನಲ್ಲಿ ಸದ್ದಿಲ್ಲದೆ ಇಳಿದುಬಿಟ್ಟದ್ದು, ಅವನು ಅದನ್ನರಿಯದೆ ಒಬ್ಬನೇ ಮಾತಾಡುತ್ತಾ ಮೇಲೆ ಹತ್ತಿದ್ದು. ಇವನ್ನೆಲ್ಲ ಚಿನಾಮಿಗೂ ಆ ಹೆಸರಿಲ್ಲದ ಹುಡುಗನಿಗೂ ಕೊಟ್ಟಳು. ಮಿಕುರಿಯಾ ಹೊಸ ದೃಶ್ಯಗಳಿಗೆ ಚಿತ್ರ ಬರೆದು ಕಳಿಸಿದ. ಕೊನೆಯಲ್ಲಿ ಖಾಲಿ ಬೆಂಚಿನ ಬದಲು ರೈಲು ನಿಲ್ದಾಣ ಬಂತು. ‘ತಿರುಗಿ ಬರ್ತೀನಿ’ ಎಂದು ಚಿನಾಮಿ ಕಿಟಕಿಯಿಂದ ಕೈ ಬೀಸಿದಳು.

ಹೊಸ ಆಟದಲ್ಲಿ ಚಿನಾಮಿಯ ಮಾತಿಗೆ ದನಿ ಕೊಡುವ ಹುಡುಗಿಯನ್ನು ಆರಿಸುವಾಗ ಓರಿಯೆ ಹೇಳಿದಳು, “ಯಜಮಾನ್ರೇ, ಈ ಪಾತ್ರಕ್ಕೆ ಸ್ವಲ್ಪ ಒಡಕು ದನಿ ಬೇಕು.”

“ಅಯ್ಯೋ ಅಕ್ಕಾ, ಹೆಡ್‌ಫೋನ್ ಹಾಕ್ಕೊಂಡು ಕೇಳೋರು ಗಂಟ್ಲು ಕೆಟ್ಟಿದೆ ಅಂದ್ಕೊಳ್ಳಲ್ವಾ? ಈ ಮಗೂನ ಕೇಳು, ಗೆಜ್ಜೆ ಕಟ್ಟಿದ ಹಾಗಿದೆ.”

ನಿಜಕ್ಕೂ ಚೆಂದದ ದನಿ. ಓರಿಯೆ ಹಟ ಹಿಡಿಯಲಿಲ್ಲ.

ಆಟ ಹೊರಬಂದದ್ದೇ ತಡ, ಹಮನಾಕ ಊಟ ಬಿಟ್ಟು ಓದಲು ನಿಂತ. ‘ಕೊನೆಗೂ ಒಂದು ಕಥೆ ಸಿಕ್ಕಿತು.’ ‘ಶಾವಿಗೆ ಬೇಯಿಸುವ ಕಡೆ ನಕ್ಕೆ, ಆಮೇಲೆ ಯಾಕೋ ಅಳು ಬಂತು.’ ‘ಚಿನಾಮಿಯಂಥವಳು ನನಗೂ ಸಿಗಬಾರದಿತ್ತೇ!’ ಓದುತ್ತಾ ಓದುತ್ತಾ ಅವನ ಕಣ್ಣೂ ತುಂಬಿತು. “ಅಕ್ಕಾ, ನೀನು ಹೊಟ್ಟೆ ಅಲ್ಲ, ಜೀವಾನೇ ಹೊಲಿದ್ಬಿಟ್ಟೆ!” ಎಂದ. ಓರಿಯೆ ತುಂಬಾ ದಿನಗಳ ಮೇಲೆ ಸಂತೋಷಪಟ್ಟಳು.

ಎಲ್ಲರೂ ಮೆಚ್ಚಿದರು, ಮಿಕುರಿಯಾನಿಂದ ಮಾತ್ರ ಸುದ್ದಿಯಿಲ್ಲ. ಇನ್ನೊಂದು ಆಟಕ್ಕೆ ಚಿತ್ರ ಬರೆದುಕೊಡಿ ಎಂದು ಹಮನಾಕ ಫೋನು ಮಾಡಿದರೆ, ‘ಈಗ ಆಗಲ್ಲ, ಕ್ಷಮಿಸಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟನಂತೆ. ಓರಿಯೆಗೆ ಮನಸ್ಸು ತಡೆಯಲಿಲ್ಲ. ಒಂದು ರಜೆಯ ದಿನ ಮತ್ತೆ ಬಸ್ಸು ಹತ್ತಿದಳು.

ತೊತ್ತೊರಿಯಲ್ಲಿ ಒದ್ದೆ ಹಿಮ ಬೀಳುತ್ತಿತ್ತು. ಅವನು ಬಾಗಿಲು ತೆರೆದು ಗಾಬರಿಯಾದ. ಒಳಗೆ ಕೂರಿಸಿ ಬಿಸಿ ಚಹಾ ಕೊಟ್ಟ, ಕಾರ್ಖಾನೆಯ ಚಿಕುವವನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ತಟ್ಟೆಯಲ್ಲಿ ತಂದಿಟ್ಟ. ಹಿಂದಿನ ಸಲ ಗೋಡೆಗೆ ಒರಗಿಸಿದ್ದ ಚಿತ್ರದ ಹಲಗೆ ಅಲ್ಲಿರಲಿಲ್ಲ.

“ಆಟ ಹಿಡಿಸಲಿಲ್ವಾ, ಮಿಕುರಿಯಾ ಸಾನ್?”

“ಛೇ ಛೇ, ತುಂಬಾ ಚೆನ್ನಾಗಿದೆ. ಎಷ್ಟು ಸಲ ಆಡಿದೆನೋ. ಆ ಶಾವಿಗೆ ಬೇಯಿಸೋದು ನಿಜವಾಗ್ಲೂ ನಡೆದದ್ದಲ್ವಾ?”

“ಹೌದು. ನನ್ನ ಗಂಡ.”

“ಈಗ?”

“ಬೇರೆ ಊರಲ್ಲಿದ್ದಾನೆ. ಬೇರೆ ಯಾರಿಗೋ ಮುದ್ದೆಯಾಗೋ ಹಾಗೆ ಬೇಯಿಸ್ತಿರಬೇಕು.”

ಅವನು ನಗಲಿಲ್ಲ. ಚಿಕುವದ ತಟ್ಟೆಯನ್ನು ಅವಳತ್ತ ಸರಿಸಿ ಹೇಳಿದ.

“ಆ ಹುಡುಗನ್ನ ನೋಡಿ ನನಗೆ ಖುಷಿಯಾಯ್ತು, ಕುಜುಮಿ ಸಾನ್. ಎಷ್ಟೆಲ್ಲ ಸಿಕ್ತು ಅವನಿಗೆ! ಚಿನಾಮಿ ಅವನ ಜೊತೆ ಎಷ್ಟು ಮಾತಾಡ್ತಾಳೆ! ಆದ್ರೆ... ಈಗ ನನಗೆ ಅವಳು ಕೇಳಿಸ್ತಾ ಇಲ್ಲ.”

“ಅಂದ್ರೆ?”

“ಯಂತ್ರದ ಮುಂದೆ ನಿಂತಿರ್ತೀನಲ್ಲ, ಮೊದಲು ಆ ಒಂದು ಮಾತು ಬರ್ತಿತ್ತು, ‘ನಾಳೆಯೂ ಬರ್ತೀಯಾ’ ಅಂತ. ಅವಳದೇ ದನಿಯಲ್ಲಿ, ಆ ನೆಗಡಿ ದನಿಯಲ್ಲಿ. ಈಗಲೂ ಬರುತ್ತೆ. ಆದ್ರೆ ಈ ಹೊಸ ಹುಡುಗಿ ಹೇಳ್ತಾಳೆ. ಗೆಜ್ಜೆ ಥರ.” ಕಿವಿಯನ್ನು ಅಂಗೈಯಿಂದ ಒರಸಿಕೊಂಡ. “ನಾನು ಮೊದಲು ಮಾಡಿದ್ದ ಆಟ ಇದೆಯಲ್ಲ, ಅದನ್ನೂ ತೆಗೆದು ನೋಡಿದೆ. ಅದರಲ್ಲಿ ಬರೀ ಅಕ್ಷರ. ಓದಿದ್ರೂ ಈ ಹುಡುಗಿ ದನಿಯಲ್ಲೇ ಕೇಳಿಸುತ್ತೆ. ಕಾಗೆಯ ಮಾತು ಹೋಯ್ತು, ಬನ್ನಿನ ಮಾತೂ ಹೋಯ್ತು. ಮುಖ ನೆನಸ್ಕೊಂಡ್ರೆ ಸೈಕಲ್ ಹಿಂದೆ ಕೂತಿರ್ತಾಳೆ. ಅವಳು ನನ್ನ ಸೈಕಲ್ ಮೇಲೆ ಕೂತವಳೇ ಅಲ್ಲ.”

ಇವನ ಬಳಿ ಇದ್ದದ್ದೇ ಒಂದು ಹಿಡಿ ನೆನಪು. ಅದರ ಮೇಲೆ ಓರಿಯೆ ತನ್ನದನ್ನು ಬುಟ್ಟಿಗಟ್ಟಲೆ ಸುರಿದಿದ್ದಳು. ಅವಳು ಮೇಜಿನಿಂದ ಹಿಂದೆ ಸರಿದು ಎರಡೂ ಕೈಗಳನ್ನು ಚಾಪೆಗೆ ಊರಿ ಹಣೆ ತಾಗಿಸಿದಳು.

“ಅಯ್ಯಯ್ಯೋ, ಏಳಿ, ಏಳಿ! ಕೇಳಿದವನು ನಾನು. ನೀವು ಕೇಳಿದ್ದನ್ನ ಕೊಟ್ರಿ.”

“ಆಟವನ್ನ ತೆಗೆಸಿಬಿಡ್ಲಾ? ಹಮನಾಕ ಕೂಗಾಡ್ತಾನೆ, ಆದ್ರೆ ನಾನು ಒಪ್ಪಿಸ್ತೀನಿ.”

ಅವನು ಅವಳ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದ.

“ಬೇಡ. ಸೆಂದಾಯಿ ಊರಿನ ಒಬ್ಬ ಹುಡುಗ ಆಟದ ಬಗ್ಗೆ ಬರೆದಿದ್ದಾನೆ. ಶಾಲೆಗೆ ಹೋಗ್ದೆ ಮನೆಯಲ್ಲೇ ಕೂತಿದ್ನಂತೆ, ಚಿನಾಮಿ ಮಾತು ಕೇಳೋಕೆ ಅಂತ ದಿನಾ ಆಡ್ತಾನಂತೆ. ಅವನ ಹತ್ರ ಆದ್ರೂ ಇರ್ಲಿ. ತೆಗೆಸಿದ್ರೆ ನನ್ನವಳೇನು ವಾಪಸ್ಸು ಬರ್ತಾಳಾ?”

ಹೊರಡುವಾಗ ಒಂದು ಪೊಟ್ಟಣ ಚಿಕುವ ಕಟ್ಟಿಕೊಟ್ಟ. “ಬೇಗ ತಿಂದ್ಬಿಡಿ, ಕೆಡುತ್ತೆ,” ಎಂದ. ಚಿತ್ರ ಬರೆಯುತ್ತೀರಾ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಮರಳುವ ಬಸ್ಸಿನಲ್ಲಿ ಓರಿಯೆ ಕಿಟಕಿಗೆ ತಲೆಯಾನಿಸಿ ಫುಮಿಯೊನನ್ನು ನೆನೆಯಲು ನೋಡಿದಳು. ಆ ಸೇತುವೆಯ ಏರು ನೆನಪಾಯಿತು, ಹಿಂದೆ ಯಾರೂ ಇಲ್ಲದಿದ್ದರೂ ಅವನು ಮಾತಾಡುತ್ತಾ ಹತ್ತಿದ್ದು ನೆನಪಾಯಿತು. ಏನು ಮಾತಾಡುತ್ತಿದ್ದ? ಬಂದ ಮಾತು ಆಟಕ್ಕೆಂದು ಅವಳೇ ಬರೆದದ್ದು. ಅವನ ಹಳೆಯ ಕೋಟಿನ ಬಣ್ಣ ಹುಡುಕಿದಳು. ಮಿಕುರಿಯಾ ಚಿತ್ರದಲ್ಲಿ ಬಳಿದ ನೀಲಿ ಬಣ್ಣವೇ ಎದುರು ಬಂತು. ಫುಮಿಯೊ ಬಿಟ್ಟು ಹೋದಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ಒಂದು ಕರವಸ್ತ್ರವನ್ನು ಅವಳ ತೊಡೆಯ ಮೇಲಿಟ್ಟು ಆಚೆ ತಿರುಗಿಕೊಂಡಳು.

ಚೆರ್ರಿ ಹೂ ಉದುರುವ ಹೊತ್ತಿಗೆ ಓರಿಯೆ ಆ ಕೆಲಸ ಬಿಟ್ಟಳು. ಔಷಧಿ ಡಬ್ಬಿಯೊಳಗೆ ಮಡಚಿಡುವ ಸೂಚನೆಯ ಹಾಳೆಗಳಲ್ಲಿ ತಪ್ಪು ತಿದ್ದುವ ಕೆಲಸ ಸಿಕ್ಕಿತ್ತು. ಹಮನಾಕ ನಂಬಲೇ ಇಲ್ಲ.

“ಅಕ್ಕಾ, ಹುಚ್ಚಾ ನಿಂಗೆ? ‘ಊಟದ ನಂತರ ಎರಡು ಮಾತ್ರೆ’, ಇದನ್ನ ಓದ್ತಾ ಕೂರ್ತೀಯಾ? ಅದರಲ್ಲಿ ಕಥೆಯೇ ಇಲ್ವಲ್ಲ!”

“ಇಲ್ಲ ಕಣೋ, ಅದಕ್ಕೇ,” ಎಂದಳು ಓರಿಯೆ. ಅಷ್ಟು ವರ್ಷಗಳಲ್ಲಿ ಅವನನ್ನು ಅವಳು ತಮ್ಮನಂತೆ ‘ಕಣೋ’ ಎಂದು ಕರೆದದ್ದು ಅದೇ ಮೊದಲು. ಹಮನಾಕ ಅವಳ ಸಾಮಾನಿನ ಪೆಟ್ಟಿಗೆಯನ್ನೆತ್ತಿಕೊಂಡು, ಮೆಟ್ಟಿಲಿಳಿದು ರಸ್ತೆಯವರೆಗೂ ಬಂದ.