ಕಂಬಿಗೆ ಕಟ್ಟಿದ ಕೈಪಟ್ಟಿ

ಅಜ್ಜಿಯ ಕತೆಯಲ್ಲಿ ಗುಹೆ ದಾಟುವ ಹುಡುಗಿ ಬಾಯಿ ಬಿಟ್ಟರೆ ಕಲ್ಲಾಗುತ್ತಿದ್ದಳು. ನಾನು ನರ್ಸಾಗಿರುವ ವಾರ್ಡಿಗೆ ಹೊಸ ನಿಯಮ ಬಂದಾಗ ನನಗೆ ಅವಳೇ ನೆನಪಾದಳು. ಯಾವ ನರ್ಸಾದರೂ ‘ನಿಲ್ಲಿಸಿ’ ಅಂದರೆ ಡಾಕ್ಟರೂ ಕೈ ಹಿಂದೆಗೆಯಬೇಕಂತೆ. ಯಾರೂ ಅಂದಿರಲಿಲ್ಲ. ರೈಲಿನ ಸರಪಳಿ ಇದ್ದ ಹಾಗೆ, ಎಳೆದವಳಿಗೇ ದಂಡ ಎಂದು ನಮ್ಮ ಹಿರಿಯ ನರ್ಸ್ ದೊಡ್ಡಕ್ಕ ನಗುತ್ತಿದ್ದಳು.

ಅಂದು ಮಧ್ಯಾಹ್ನ ಕಿಟಕಿ ಪಕ್ಕದ ಮುದುಕಿಗೆ ರಕ್ತ ಕೊಡಬೇಕಿತ್ತು. ಹೊಟ್ಟೆಯೊಳಗೆ ರಕ್ತ ಸೋರಿ ಮುಖ ಸುಣ್ಣವಾಗಿತ್ತು, ಎಚ್ಚರ ತಪ್ಪಿತ್ತು. ಕೈ ಊದಿದ್ದರಿಂದ ಹೆಸರು, ರಕ್ತದ ಗುಂಪು ಬರೆದ ಅವಳ ಕೈಪಟ್ಟಿಯನ್ನು ಕತ್ತರಿಸಿ ಮಂಚದ ಕಂಬಿಗೆ ಕಟ್ಟಿದ್ದರು. ಪಕ್ಕದ ಮಂಚದ ಮುದುಕಿಯದೂ ಹಾಗೆಯೇ.

ದೊಡ್ಡಕ್ಕ ಎಂದಿನಂತೆ ಚೀಲದ ಮೇಲಿನ ಹೆಸರು, ಗುಂಪು ಗಡಗಡ ಓದಿದಳು. ಪಟ್ಟಿ ನೋಡಿ ‘ಸರಿ’ ಅನ್ನುವುದು ನನ್ನ ಕೆಲಸ. ಎಲ್ಲ ಹೊಂದುತ್ತಿತ್ತು. ಆದರೆ ಪಾಳಿ ಬಿಡುವಾಗ ಬೆಳಗಿನ ನರ್ಸ್, ಮುದುಕಿಯರಿಬ್ಬರೂ ಕಿಟಕಿಗಾಗಿ ಅತ್ತೆ ಸೊಸೆಯರ ಹಾಗೆ ಕಿತ್ತಾಡುತ್ತಿದ್ದಾರೆ, ಜಾಗ ಬದಲಿಸಿಬಿಡಬೇಕು ಅಂದಿದ್ದಳು. ಬದಲಿಸಿದಳೋ, ಬಿಟ್ಟಳೋ? ಇಬ್ಬರಿಗೂ ಬೇರೆ ಬೇರೆ ಗುಂಪಿನ ರಕ್ತ ಕೊಡಲು ಬರೆದಿತ್ತು. ಇನ್ನೊಬ್ಬಳು ಸ್ಕ್ಯಾನಿಗೆ ಹೋಗಿದ್ದಳು. ಬೆಳಗಿನವಳ ಫೋನು ಬಂದ್ ಆಗಿತ್ತು.

“ಬೇಗ ಹೇಳೇ,” ಅಂದಳು ದೊಡ್ಡಕ್ಕ.

ನಾನು ಪಟ್ಟಿಯಿಂದ ಕೈ ತೆಗೆದೆ.

“ನಿಲ್ಲಿಸಿ ಅಕ್ಕ. ಈ ಪಟ್ಟಿ ಮಂಚದ್ದು. ಇವರದ್ದೇ ಅಂತ ನಂಗೆ ಗೊತ್ತಿಲ್ಲ.”

ಮಂಚದ ಆ ಬದಿಗಿದ್ದ ಡಾಕ್ಟರು ತಿರುಗಿದರು. “ತಡ ಆಗಿ ಈಕೆ ಹೋದ್ರೆ ನೀನು ಉತ್ತರ ಕೊಡ್ತೀಯಾ?”

ಆದರೂ ನಿಯಮದಂತೆ ಕೈ ಹಿಂದೆಗೆದರು. ಮುದುಕಿಯ ರಕ್ತ ಮತ್ತೆ ಪರೀಕ್ಷೆಗೆ ಓಡಿತು. ಅವಳ ಮಣಿಕಟ್ಟು ಹಿಡಿದು ನಿಂತೆ. ನಾಡಿ ನೂಲಿನೆಳೆಯಂತೆ ಬೆರಳಿಂದ ಜಾರುತ್ತಿತ್ತು. ತಪ್ಪು ರಕ್ತ ಹೋದರೂ ಸಾವು, ಸರಿಯಾದದ್ದು ತಡವಾದರೂ ಸಾವು. ಎರಡನೆಯದಾದರೆ ಕೊಂದವಳು ನಾನೇ.

ಉತ್ತರ ಬಂತು. ಚೀಲ ಅವಳದ್ದೇ. ಯಾರನ್ನೂ ಬದಲಿಸಿರಲಿಲ್ಲ.

“ಸಮಾಧಾನ ಆಯ್ತಾ ತಾಯಿ?” ಎಂದು ಡಾಕ್ಟರು ಹೊರಟುಹೋದರು. ರಕ್ತ ಇಳಿಯತೊಡಗಿತು. ಮುದುಕಿಯ ತುಟಿಗೆ ಬಣ್ಣ ಮರಳುವವರೆಗೂ ನಾನು ಅವಳ ಮಣಿಕಟ್ಟು ಬಿಡಲಿಲ್ಲ.

ಸ್ಕ್ಯಾನಿನಿಂದ ಇನ್ನೊಬ್ಬಳು ಬಂದಳು. ದೊಡ್ಡಕ್ಕ ನನ್ನತ್ತ ನೋಡದೆ ಅವಳ ಹೆಸರು ಕೇಳಿದಳು, ಕಂಬಿಯ ಪಟ್ಟಿ ಬಿಚ್ಚಿ ಅವಳ ಕಾಲಿಗೆ ಕಟ್ಟಿದಳು. ಆಮೇಲೆ ಎರಡನೆಯ ಚೀಲವೆತ್ತಿ, ಒಂದೊಂದೇ ಅಕ್ಷರ ನಿಧಾನವಾಗಿ ಓದಿ ನಿಂತಳು. ಕೈ ಕೊಳವೆಯ ಬಿರಡೆಯ ಮೇಲಿತ್ತು, ತಿರುಗಿಸಲಿಲ್ಲ.

“ನೋಡಿ ಹೇಳು,” ಅಂದಳು.

ಅದುವರೆಗೂ ನನ್ನ ಮಾತಿಗೆ ಯಾರೂ ಹೀಗೆ ಕಾದಿರಲಿಲ್ಲ. ಹೆದರಿಕೆ ಮೊದಲಿಗಿಂತ ಹೆಚ್ಚಾಯಿತು. ಬಗ್ಗಿ, ಪಟ್ಟಿಯನ್ನು ಬೆಳಕಿಗೆ ತಿರುಗಿಸಿ, ಓದತೊಡಗಿದೆ.